ಕಂಬದ ಗುಂಡಿ

ಹಾಲು ಉಕ್ಕುತ್ತಿದೆ, ನೋಡುತ್ತಲೇ ನಿಂತಿದ್ದೇನೆ, ಅತ್ತೆ ಬಂದು ಗ್ಯಾಸ್ ಆರಿಸಿದರು — ನೆಂಟರೆಲ್ಲ ನಿನ್ನೆ ಹೊರಟುಹೋದರು, ಇವತ್ತು ಬರೀ ಮಂಗಳವಾರ, ನಂಜನಗೂಡಿನ ಫ್ಯಾಕ್ಟರಿ ಬಸ್ಸುಗಳು ಎಂದಿನಂತೆ ಹಾರ್ನ್ ಹೊಡೆಯುತ್ತಿವೆ, ಗೋಡೆಯ ಮೊಳೆಯಲ್ಲಿ ಜರಡಿ. ನನ್ನ ಗಂಡ ಪ್ರಸಾದ್ ತಂದದ್ದು, ನರಸೀಪುರದ ಹತ್ತಿರ ಉತ್ಖನನಕ್ಕೆ ದಿಬ್ಬ ಅಗೆಯುವಾಗ, ಪಕ್ಕದ ಹೊಲದ ಮಂಚಮ್ಮನಿಂದ ಎರವಲು, ಮಣ್ಣಿನಲ್ಲಿ ಸಾಸಿವೆಯಷ್ಟು ಮಣಿಯಿದ್ದರೂ ತಪ್ಪಬಾರದೆಂದು. ರಾಗಿ ಜರಡೀಲಿ ಮಣ್ಣು ಜಾಲಿಸ್ತೀರಲ್ಲ ಸಾ, ರಾತ್ರಿಗೆ ಮಣ್ಣಿನ ಇಟ್ಟು ಉಣ್ತೀರಾ, ಅಂದಿದ್ದಳಂತೆ ಅವಳು. ಹೇಳಿ ನಕ್ಕಿದ್ದ. ಎರಡು ಸಾವಿರ ವರ್ಷದ ಹಿಂದಿನ ಯಾರೋ ರೈತರ ಹಟ್ಟಿ, ರಾಜನಿಲ್ಲ, ಶಾಸನವಿಲ್ಲ, ಒಲೆ, ಮಡಕೆ ಚೂರು, ಮತ್ತೆ ಆ ಕಪ್ಪು ದುಂಡು ಗುರುತುಗಳು — ಇಲ್ನೋಡು ನಯನ, ಕಂಬ ಕೊಳೆತುಹೋಗಿದೆ, ಅದು ನಿಂತಿದ್ದ ಗುಂಡಿ ಮಾತ್ರ ಕಪ್ಪಗೆ ಉಳಿದಿದೆ, ಇಷ್ಟು ಸಾಕು, ಇಲ್ಲೊಂದು ಮನೆಯಿತ್ತು ಅನ್ನಬಹುದು. ಮಳೆಯ ಮರುದಿನ ಅಳತೆಗೆಂದು ಇಳಿದ, ಅಗೆದ ಕಂದಕದ ಗೋಡೆ ಕುಸಿಯಿತು. ಮಣ್ಣಿನಿಂದ ತೆಗೆದರು, ತೊಳೆದರು, ವಿಭೂತಿ ಹಚ್ಚಿದರು, ಅಂಗೈಯಲ್ಲಿ ಲಿಂಗವಿಟ್ಟು ಮತ್ತೆ ಮಣ್ಣೊಳಗೆ ಕೂರಿಸಿದರು. ನಮ್ಮೋರು ಕೂತೇ ಹೋಗೋದು, ಮುಂದೆ ಅಗೆಯೋನಿಗೆ ಗುರುತು ಹಿಡಿಯೋದು ಸುಲಭ, ಅವನೇ ಹೇಳುತ್ತಿದ್ದ, ಊಟದ ಮಧ್ಯೆ, ಹಪ್ಪಳ ಮುರಿಯುತ್ತಾ.

ಜರಡಿಯ ಬಲೆಯಲ್ಲಿ ಇನ್ನೂ ಆ ಮಣ್ಣು, ಕೊನೆಯ ಸಲ ಅವನ ಬೆರಳು ಆಡಿದ್ದು, ಕೊಡಲಾರೆ — ಅವ್ನು ಇಸ್ಕಂಡು ಬಂದದ್ದು ಮನೇಲಿರಬಾರ್ದು ಕಣವ್ವ, ಅಂದರು ಅತ್ತೆ, ಅವ್ನ ತಲೆ ಮೇಲೆ ಋಣ ಉಳೀತದೆ, ತೊಳೆದು ಕೊಟ್ಟು ಬಾ, ಬರಿ ಜರಡಿ ಕೊಡಬ್ಯಾಡ, ಒಂದಿಡಿ ಅಕ್ಕಿ ಇಡು. ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟೆ, ತೊಳೆಯಲಿಲ್ಲ, ಮಣ್ಣು ನೋಡಿ ನೀನೇ ಇಟ್ಕೊಳವ್ವ ಅಂದಾಳು ಮಂಚಮ್ಮ, ಅಂದೇ ಅನ್ನುತ್ತಾಳೆ, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಜರಡಿಯಡಿಗೆ ಅಂಗೈ ಹಿಡಿಯುತ್ತೇನೆ, ಉದುರಬಾರದು, ದಾರಿಯಲ್ಲಿ ದಿಬ್ಬ ಬರುತ್ತದೆ, ನೋಡಬಾರದು, ನೋಡಿದೆ, ನೀಲಿ ಟಾರ್ಪಾಲು ಹೊದಿಸಿದ್ದಾರೆ. ಇದೇನು ಓಡೋಯ್ತಿತ್ತಾ ಕಣವ್ವ, ಈ ಬಿಸ್ಲಲ್ಲಿ ಹೊತ್ಕಂಡು ಬಂದ್ಯಲ್ಲ, ಮಂಚಮ್ಮ ಅಳುತ್ತಾಳೆ, ಅಕ್ಕಿ ಗಂಟನ್ನು ಮಡಿಲಿಗೆ ಸೇರಿಸುತ್ತಾಳೆ, ಸೆರಗಿನಲ್ಲಿ ಮೂಗು ಒರೆಸುತ್ತಾಳೆ, ಆಮೇಲೆ ಕೈಯ ಅಭ್ಯಾಸ, ದಿನಾ ಹಿಟ್ಟು ಜರಡಿ ಹಿಡಿಯುವ ಕೈ, ಜರಡಿಯನ್ನು ಬೋರಲು ಮಾಡಿ ಪಟ್ ಪಟ್ ಎಂದು ಎರಡು ಬಡಿತ — ಬೇಡ ಎನ್ನಲು ಬಾಯಿ ತೆರೆದೆ — ಸಾರಿಸಿದ ಅಂಗಳದ ಮೇಲೆ ಮಣ್ಣು ಉದುರಿತು. ಕೂತ್ಕೊಳವ್ವ, ನೀರು ತತ್ತೀನಿ. ಒಳಗೆ ಹೋದಳು. ಜರಡಿಯಷ್ಟೇ ಅಗಲದ ಗುರುತು, ದುಂಡಗೆ, ಕಂಬವಿಲ್ಲ, ಕಪ್ಪಗೆ, ದುಂಡಗೆ