ಗೋಬರ್ ಗ್ಯಾಸಿನ ಮೊದಲ ಸರದಿ

ಹಣಮಮ್ಮನಿಗೆ ನಾಲ್ಕು ಎಮ್ಮೆಗಳಿದ್ದವು, ಸೀತಾಬಾಯಿಯವರಿಗೆ ಒಂದು ಹಿತ್ತಲಿತ್ತು. ಒಂದೇ ಓಣಿಯಲ್ಲಿ ಮೂವತ್ತು ವರ್ಷ ಇದ್ದರೂ ಇಬ್ಬರೂ ಒಬ್ಬರಿಗೊಬ್ಬರು ಬೇಕಾದದ್ದು ಗೋಬರ್ ಗ್ಯಾಸ್ ಬಂದ ಮೇಲೆಯೇ.

ತೊಂಬತ್ತೊಂಬತ್ತರಲ್ಲಿ ಶಹಾಬಾದಿನ ಹತ್ತಿರದ ಆ ಕಾಗಿಣಾ ಹೊಳೆಯ ದಂಡೆಯ ಊರಿಗೆ ಪಂಚಾಯತಿಯ ಅನುದಾನ ಬಂತು. ಐದು ಮನೆಯವರು ಕೂಡಿದರೆ ಒಂದು ಗ್ಯಾಸಿನ ಗುಂಡಿ. ತಾಲ್ಲೂಕಿನ ಸಾಹೇಬರು ಬಂದು, ಕಟ್ಟಿಗೆಯ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ ಎಂದು ಅರ್ಧ ಗಂಟೆ ತಿಳಿಸಿ ಹೇಳಿದರು. ಮೇ ತಿಂಗಳ ಮಧ್ಯಾಹ್ನ. ಭೂಮಿ ಬಿಸಿಯಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ.

ಆ ಊರಲ್ಲಿ ಎರಡು ಮೊಳ ಅಗೆದರೆ ಫರಸಿ ಕಲ್ಲು ಹತ್ತುತ್ತದೆ. ಗುಂಡಿ ತೋಡುವಷ್ಟು ಮಣ್ಣಿದ್ದದ್ದು ಸೀತಾಬಾಯಿಯವರ ಹಿತ್ತಲಲ್ಲಿ ಮಾತ್ರ. ಅವರಿಗೆ ಎಪ್ಪತ್ತು ದಾಟಿತ್ತು; ಮಡಿ ಬಿಟ್ಟು ಒಂದು ದಿನವೂ ಒಲೆ ಮುಟ್ಟಿದವರಲ್ಲ. ಮಗ ಪವಮಾನ ಹೈಸ್ಕೂಲಿನಲ್ಲಿ ಮಾಸ್ತರ. ಅರ್ಜಿ ಬರೆದವನೂ ಅವನೇ. ಸಗಣಿಗೆ ಮೈಲಿಗೆಯಿಲ್ಲ ಎಂದು ಸೀತಾಬಾಯಿ ತೀರ್ಪು ಕೊಟ್ಟರು. ಅದನ್ನು ಹೊತ್ತು ತರುವವರ ಬಗ್ಗೆ ಏನೂ ಹೇಳಲಿಲ್ಲ; ಹೊಳೆಯ ಕಡೆ ಗೋಡೆ ಒಡೆಸಿ ಒಂದು ಸಣ್ಣ ಬಾಗಿಲು ಇಡಿಸಿದರು. ಹಣಮಮ್ಮನಿಗೆ ಅರ್ಥವಾಯಿತು. ದಾರಿ ಹತ್ತಿರವಾಯಿತಲ್ಲ ಎಂದು ಬುಟ್ಟಿ ಹೊತ್ತಳು.

ಗ್ಯಾಸ್ ಬಂತು. ಐದೂ ಮನೆಯವರು ಒಮ್ಮೆಲೇ ಒಲೆ ಹಚ್ಚಿದಾಗ ಎಲ್ಲ ಕಡೆ ದೀಪದ ಕುಡಿಯಷ್ಟೇ ಉರಿ. ಪಂಚಾಯತಿ ಸೆಕ್ರೆಟರಿ ನಾಗೇಂದ್ರಪ್ಪ ಮನೆಗೊಂದು ತಾಸಿನ ಸರದಿ ಹಚ್ಚಿದ. ಬೆಳಿಗ್ಗೆ ಐದಕ್ಕೆ ಸೀತಾಬಾಯಿ, ಆರಕ್ಕೆ ಹಣಮಮ್ಮ, ಆಮೇಲೆ ಉಳಿದವರು. ಹಣಮಮ್ಮ ಕಲ್ಲಿನ ಖಣಿಯಲ್ಲಿ ಕೂಲಿ ಮಾಡುತ್ತಿದ್ದಳು. ಖಣಿಯ ಲಾರಿ ಬರುವುದು ಆರಕ್ಕೇ. ಹೀಗಾಗಿ ಹೆಚ್ಚಿನ ಸಗಣಿ ಕೊಡುವ ಮನೆಯಲ್ಲೇ ರೊಟ್ಟಿ ಮೊದಲಿನಂತೆ ಜಾಲಿ ಕಟ್ಟಿಗೆಯ ಮೇಲೆ ಸುಡುತ್ತಿತ್ತು. ಆಕೆ ನಾಗೇಂದ್ರಪ್ಪನನ್ನು ಕೇಳಿದಳು. ಸರದಿಯ ಪಟ್ಟಿ ಟೈಪಾಗಿ ತಾಲ್ಲೂಕಿಗೆ ಹೋಗಿದೆ, ಇನ್ನು ಬದಲಿಸಲು ಬರುವುದಿಲ್ಲ ಎಂದು ಆತ ಬಹಳ ಮರ್ಯಾದೆಯಿಂದ ಹೇಳಿದ.

ಒಂದು ನಸುಕಿನಲ್ಲಿ ಹಣಮಮ್ಮ ಸಗಣಿ ಕಲಸಲು ಬಂದು ನೋಡಿದರೆ ಸೀತಾಬಾಯಿಯವರ ಕಡೆಯ ವಾಲ್ವ್ ಬಂದ್ ಆಗಿತ್ತು. ಅವರು ತುಳಸಿಕಟ್ಟೆಯ ಹತ್ತಿರ ಸುಮ್ಮನೆ ಕುಳಿತಿದ್ದರು.

"ಇವತ್ತ ಏಕಾದಶಿ," ಎಂದರು. "ಒಲಿ ಹಚ್ಚಂಗಿಲ್ಲ."

"ಏಕಾದಶಿ ಎಷ್ಟ ದಿನಕ್ಕೊಮ್ಮಿ ಬರ್ತದ್ರಿ ಬಾಯವ್ರೇ?"

"ಹದಿನೈದು ದಿನಕ್ಕೊಮ್ಮಿ."

ಹಣಮಮ್ಮ ಸ್ವಲ್ಪ ಯೋಚಿಸಿದಳು. "ನಡುವ ಬ್ಯಾರೆ ಉಪವಾಸ ಯಾವೂ ಇಲ್ಲೇನ್ರಿ?"

ಸೀತಾಬಾಯಿ ಬೆರಳು ಮಡಚಿ ನೆನೆಸಿಕೊಂಡರು. ಗೋಕುಲಾಷ್ಟಮಿ ಇದೆ ಎಂದರು. ವರ್ಷಕ್ಕೊಮ್ಮೆಯೇ ಎಂದು ತಿಳಿದು ಹಣಮಮ್ಮನಿಗೆ ಬೇಸರವಾಯಿತು. ಅಂದು ಖಾಲಿ ಉಳಿದ ಐದರ ಸರದಿಯಲ್ಲಿ ಆಕೆ ಗ್ಯಾಸಿನ ಮೇಲೆ ಹನ್ನೆರಡು ರೊಟ್ಟಿ ಸುಟ್ಟಳು, ಹೊಗೆಯಿಲ್ಲದ್ದಕ್ಕೆ ಕಣ್ಣಲ್ಲಿ ನೀರು ಬರಲಿಲ್ಲ. ಆಮೇಲೆ ಬುಟ್ಟಿ ಇಳಿಸುವಾಗಲೆಲ್ಲ ತಿಥಿ ಕೇಳುವುದು ರೂಢಿಯಾಯಿತು. ಓಣಿಯಲ್ಲಿ ಪಂಚಾಂಗದ ಚಿಂತೆ ಆಕೆಗಿಂತ ಹೆಚ್ಚು ಇದ್ದವರಿಲ್ಲ. ಪವಮಾನನಿಗೂ ಅಷ್ಟಿರಲಿಲ್ಲ, ಏಕಾದಶಿಯ ದಿನ ಅವನು ಶಹಾಬಾದಿನ ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ.

ಮಾಘ ಮಾಸದ ಒಂದು ದಿನ ಸಾಹೇಬರು ತಪಾಸಣೆಗೆ ಬಂದರು. ಖಣಿಗೆ ರಜೆಯಿತ್ತು, ಏಕಾದಶಿಯೂ ಆಗಿತ್ತು. ಮೊದಲ ಸರದಿಯ ಮನೆಯಲ್ಲಿ ಒಲೆ ಉರಿಯುವ ಫೋಟೋ ಬೇಕಿತ್ತು. ಎರಡು ನಿಮಿಷ ಹಚ್ಚಿ ಆರಿಸಿದರೆ ಸಾಕೆಂದು ಸಾಹೇಬರು ಬೇಡಿಕೊಂಡರು, ನಾಗೇಂದ್ರಪ್ಪ ಕೈಮುಗಿದ. ಸೀತಾಬಾಯಿ ಜಪ ನಿಲ್ಲಿಸಲಿಲ್ಲ. ಇವತ್ತು ಮೊದಲ ಸರದಿ ಯಾರದು ಎಂದು ಸಾಹೇಬರು ಕೇಳಿದರು. ನನ್ನದು ಎಂದಳು ಹಣಮಮ್ಮ.

ಆಕೆಯ ಒಲೆಯ ಮುಂದೆ ಫೋಟೋ ಹೊಡೆದರು. ಕೈಯಲ್ಲಿ ರೊಟ್ಟಿ, ಕೆಳಗೆ ನೀಲಿ ಉರಿ. ಟೈಪಾದ ಕಾಗದದಲ್ಲಿ ಹೆಸರು ತಿದ್ದುವ ಅಧಿಕಾರ ಸಾಹೇಬರಿಗಿರಲಿಲ್ಲ. ಒಂದು ತಿಂಗಳ ಮೇಲೆ ಆ ಫೋಟೋ ಪಂಚಾಯತಿಯ ಗೋಡೆಗೆ ಬಂತು. ಕೆಳಗೆ ಬರೆದಿತ್ತು: ಫಲಾನುಭವಿ ಶ್ರೀಮತಿ ಸೀತಾಬಾಯಿ, ಬೆಳಗಿನ ಐದರ ಸರದಿ.

ಹಣಮಮ್ಮನಿಗೆ ಓದಲು ಬರುತ್ತಿರಲಿಲ್ಲ. ಪವಮಾನ ಓದಿ ಹೇಳಿದಾಗ ಹೆದರಿದಳು. ಬಾಯವರ ಹೆಸರನ್ನು ತಾನೇ ಕದ್ದಂತಾಯಿತು ಎನಿಸಿ, ಸಣ್ಣ ಬಾಗಿಲಲ್ಲಿ ನಿಂತು ಆದದ್ದನ್ನೆಲ್ಲ ಹೇಳಿದಳು.

ಸೀತಾಬಾಯಿ ಬತ್ತಿ ಹೊಸೆಯುತ್ತಲೇ ಕೇಳಿದರು. "ರೊಟ್ಟಿ ನೆಟ್ಟಗ ಬಂದಾವೇನ ಫೋಟೋದಾಗ?"

"ಬಂದಾವ್ರಿ."

"ಹಂಗಾರ ಸರ್ಕಾರ ಹೇಳಿದಂಗ ಆಗಲಿ. ನಾಳಿಂದ ಐದಕ್ಕ ನೀನೇ ಹಚ್ಕೋ. ದೇವರು ಒಂದ್ ತಾಸು ತಡಾದ್ರ ಏನೂ ಅನ್ನಂಗಿಲ್ಲ. ಲಾರಿಯವ ಅಂತಾನ."

ಎಮ್ಮೆ ಈದ ಮೇಲೆ ಗಿಣ್ಣದ ಹಾಲು ತಂದು ಕೊಡುತ್ತೇನೆ ಎಂದಳು ಹಣಮಮ್ಮ. ಹಸಿಯದೇ ತಾ, ನಾನೇ ಕಾಯಿಸಿಕೊಳ್ಳುತ್ತೇನೆ ಎಂದರು ಅವರು.

ಮರುದಿನ ಐದೂವರೆಗೇ ರೊಟ್ಟಿ, ಪಲ್ಯ ಎಲ್ಲ ಮುಗಿದಿತ್ತು. ವಾಲ್ವ್ ಬಂದ್ ಮಾಡಿ ಬುತ್ತಿ ಕಟ್ಟಿದಳು. ಲಾರಿಗೆ ಇನ್ನೂ ಅರ್ಧ ತಾಸಿತ್ತು. ಇಷ್ಟು ಹೊತ್ತು ಬಿಡುವು ಸಿಕ್ಕದ್ದು ಆಕೆಗೆ ನೆನಪಿರಲಿಲ್ಲ. ಹೊರಗೆ ಬಂದು ಎಮ್ಮೆಗಳ ಹತ್ತಿರ ಕುಳಿತಳು. ಎದ್ದು ಅವುಗಳ ಮೈ ತೊಳೆಯಲೇ ಎಂದುಕೊಂಡಳು, ಆಮೇಲೆ ಬೇಡವೆನಿಸಿ ಕುಳಿತೇ ಇದ್ದಳು.