ಶುಕ್ರವಾರದ ಬುಟ್ಟಿಯಿಂದ ಬಂದ ತುರಿಮಣೆ

ನಾನು ಒಂದು ತೆಂಗಿನಕಾಯಿ ತುರಿಮಣೆ. ಮಣೆ ಎನ್ನುವುದು ಹೆಸರಿಗಷ್ಟೇ, ನನ್ನಲ್ಲಿ ಮಣೆಯೇ ಇಲ್ಲ. ಒಂದು ತುದಿಗೆ ಉಕ್ಕಿನ ಹಲ್ಲುಗಳ ದುಂಡನೆಯ ತಲೆ, ಇನ್ನೊಂದು ತುದಿಗೆ ತಿರುಗಿಸುವ ಹಿಡಿ, ಅಡಿಯಲ್ಲಿ ರಬ್ಬರಿನ ಬಟ್ಟಲು. ಪಕ್ಕದ ಕೀಲಿ ಒತ್ತಿದರೆ ಸಾಕು, ಅಡುಗೆಕಟ್ಟೆಗೆ ಹಲ್ಲಿಯ ಹಾಗೆ ಕಚ್ಚಿಕೊಳ್ಳುತ್ತೇನೆ.

ನಾನು ಹುಟ್ಟಿದ್ದು ಗುಜರಾತಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಒಂದು ತೆಂಗಿನಕಾಯಿಯನ್ನೂ ನಾನು ಕಂಡಿರಲಿಲ್ಲ. ಬಾಯ್ತುಂಬ ಹಲ್ಲಿದ್ದೂ ಏನನ್ನು ಕಚ್ಚಬೇಕೆಂದು ತಿಳಿಯದ ಕೂಸು ನಾನು. ಯಾರೋ ನನ್ನನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಟೇಪು ಸುತ್ತಿದರು. ಗೋದಾಮು, ಲಾರಿ, ಮತ್ತೆ ಗೋದಾಮು. ಡಬ್ಬಿ ತೆರೆದಾಗ ಕಂಡದ್ದು ಒಂದು ಗಲ್ಲ, ಎರಡು ಮೂಗಿನ ಹೊಳ್ಳೆ, ಅವುಗಳ ಮೇಲೆ ಒಂದು ಫೋನು.

ಆಕೆ ಮೈಸೂರಿನ ಮಂದಾಕಿನಿ. ಆನ್‌ಲೈನಿನಲ್ಲಿ ಸಿಗುವ ಮನೆವಾರ್ತೆಯ ಸಾಮಾನುಗಳನ್ನು ತರಿಸಿ, ಬಳಸಿ, ಮೆಚ್ಚಿದ್ದನ್ನು ವಿಡಿಯೋ ಸಮೇತ ತನ್ನ ಬ್ಲಾಗಿನಲ್ಲಿ ಬರೆಯುವವಳು. ಅಂಕಣದ ಹೆಸರು ‘ಶುಕ್ರವಾರದ ಬುಟ್ಟಿ’. ಮೆಚ್ಚಿದ ವಸ್ತುಗಳು ಕಟ್ಟೆಯ ಮೇಲೆ ಉಳಿಯುತ್ತಿದ್ದವು, ಮಿಕ್ಕವು ಅಟ್ಟ ಸೇರುತ್ತಿದ್ದವು. ಬೆಳ್ಳುಳ್ಳಿ ಸುಲಿಯುವ ಕೊಳವೆ, ಮಡಚಿದರೆ ಮತ್ತೆ ಬಿಚ್ಚಿಕೊಳ್ಳದ ಬಕೆಟ್ಟು, ಫೋನು ಹಿಡಿಯಲಾರದೆ ಮುಗ್ಗರಿಸುವ ಪ್ಲಾಸ್ಟಿಕ್ ಕಪ್ಪೆ, ಎಲ್ಲ ಅಲ್ಲೇ ಇದ್ದವು.

ನನ್ನನ್ನು ಕಂಡು ಅವಳ ಅತ್ತೆ ಗಿರಿಜಮ್ಮ ಕೇಳಿದರು, “ಕಾಯಿ ತುರಿಯೋಕೂ ಒಂದು ಮಿಷಿನ್ನಾ? ನಮ್ಮ ಈಳಿಗೆಮಣೆಗೆ ಏನು ರೋಗ ಬಂದಿತ್ತು?”

“ಅದರ ಮೇಲೆ ಕೂತ್ರೆ ಏಳೋವಾಗ ಅಮ್ಮಾ ಅಂತೀರಲ್ಲ ಅತ್ತೆ, ಆ ರೋಗ.”

ಗಿರಿಜಮ್ಮ ನನ್ನ ಕಡೆಗೊಮ್ಮೆ ಮೂತಿ ತಿರುವಿ ಒಳಗೆ ಹೋದರು. ಮರುದಿನ ಯಾರೂ ನೋಡುತ್ತಿಲ್ಲವೆಂದುಕೊಂಡು ಅವರೇ ನಿಂತು ಒಂದು ಹೋಳು ತುರಿದರು. ಕಾಯಿಯ ಸಿಹಿ ಹಾಲು ಹಲ್ಲಿಗೆ ತಾಗಿದಾಗ, ಓ, ನಾನು ಹುಟ್ಟಿದ್ದು ಇದಕ್ಕೆ ಎಂದು ನನಗೂ ಗೊತ್ತಾಯಿತು.

ನನ್ನ ವಿಡಿಯೋ ಹೊರಬಿದ್ದ ಮೇಲೆ ಓದುಗರು ಸುಮ್ಮನಿರಲಿಲ್ಲ. ಮಕ್ಕಳ ಡಬ್ಬಿ ಕಟ್ಟುತ್ತ ಮಂದಾಕಿನಿ ಅವರ ಮಾತುಗಳನ್ನು ಅತ್ತೆಗೆ ಓದಿ ಹೇಳುತ್ತಿದ್ದಳು. ‘ಅಕ್ಕಾ, ನಮ್ಮದು ಕಡಪಾ ಕಲ್ಲು, ಅಂಟೋದೇ ಇಲ್ಲ. ಹಲ್ಲು ತಿರುಗೋ ಬದಲು ಮಿಷಿನ್ನೇ ತಿರುಗುತ್ತೆ!’ ‘ನಮ್ಮ ಮನೇಲಿ ಡೈನಿಂಗ್ ಟೇಬಲ್ ಗಾಜಿಗೆ ಅಂಟಿಕೊಂಡು ಬಿಡ್ತಾನೇ ಇಲ್ಲ. ನೆಂಟರು ಊಟಕ್ಕೆ ಬರ್ತಿದಾರೆ, ಬೇಗ ಹೇಳಿ.’ ‘ತುಂಬ ಚೆನ್ನಾಗಿದೆ ಮೇಡಂ, ನಮ್ಮನೆಯವರು ಕೀಲಿ ಒತ್ತಿ ಬಿಟ್ಟು ಆಟ ಆಡ್ತಿದಾರೆ.’

ಅವುಗಳ ನಡುವೆ ಒಂದು ಸಣ್ಣ ಪ್ರಶ್ನೆಯಿತ್ತು. ನಂಜನಗೂಡಿನ ವಿಶಾಲಾಕ್ಷಮ್ಮ ಎಂಬವರು ಬರೆದಿದ್ದರು: ‘ಇದು ಒಂದೇ ಕೈಯಲ್ಲಿ ಆಗುತ್ತಾ?’

ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಒಂದು ಕಾಲಿಗೆ ಚಪ್ಪಲಿ ಮೆಟ್ಟುತ್ತಲೇ ಮಂದಾಕಿನಿ ‘ಖಂಡಿತ ಆಗುತ್ತೆ ಅಮ್ಮಾ!’ ಎಂದು ಬರೆದು ಓಡಿದಳು.

ಸಂಜೆಗೆ ಉತ್ತರ ಬಂದಿತ್ತು. ‘ತರಿಸೋಕೆ ಹೇಳಿಬಿಟ್ಟೆ ಮಗಳೇ. ಪಾರ್ಶ್ವವಾಯು ಆದ ಮೇಲೆ ನನ್ನ ಎಡಗೈ ಸ್ವಾಧೀನದಲ್ಲಿಲ್ಲ. ಗೌರಿ ಹಬ್ಬಕ್ಕೆ ಮಗಳು ಬರ್ತಾಳೆ. ಅಂಗಡಿ ಒಬ್ಬಟ್ಟು ಹಾಕಿ ಹಾಕಿ ನಾಚಿಕೆಯಾಗಿದೆ. ಈ ಸಲ ಕಾಯಿ ಒಬ್ಬಟ್ಟು ನಾನೇ ಮಾಡ್ತೀನಿ.’

ಗಿರಿಜಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. “ನೀನು ಒಂದು ಕೈಲಿ ಮಾಡಿ ನೋಡಿದ್ಯಾ?”

ಮಂದಾಕಿನಿ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ ನನ್ನ ಮುಂದೆ ನಿಂತಳು. ಹಿಡಿ ತಿರುಗಿಸಲು ಒಂದು ಕೈ ಸಾಕು, ನಿಜ. ಆದರೆ ಹೋಳನ್ನು ನನ್ನ ಹಲ್ಲಿಗೆ ಒತ್ತಿ ಹಿಡಿಯುವವರು ಯಾರು? ಹೋಳು ಗಿರ್ರನೆ ತಿರುಗಿ, ಹಾರಿ, ಸಿಂಕಿಗೆ ಬಿತ್ತು. ಅವಳ ಮುಖವೂ ಹೋಳಿನ ಜೊತೆಗೇ ಬಿತ್ತು.

ನಂಬರು ಕೇಳಿ ಫೋನು ಮಾಡಿದಳು. ಆ ಕಡೆಯವರು ಎಷ್ಟು ಬೆಲ್ಲ, ಎಷ್ಟು ಏಲಕ್ಕಿ ಎಂದು ಉತ್ಸಾಹದಲ್ಲಿ ಹೇಳುತ್ತಲೇ ಇದ್ದರು. ಒಂದು ಕೈಯಲ್ಲಿ ಆಗುವುದಿಲ್ಲವೆನ್ನಲು ಇವಳಿಗೆ ನಾಲಿಗೆ ಹೊರಳಲಿಲ್ಲ. “ನಾನೇ ಮನೆಗೆ ಬರ್ತೀನಮ್ಮಾ” ಎಂದುಬಿಟ್ಟಳು.

ಹಬ್ಬದ ಹಿಂದಿನ ದಿನ ಅತ್ತೆ, ಸೊಸೆ, ಚೀಲದಲ್ಲಿ ನಾನು, ಬಸ್ಸು ಹತ್ತಿದೆವು. ವಿಶಾಲಾಕ್ಷಮ್ಮ ತರಿಸಿದ್ದ ತುರಿಮಣೆ ಇನ್ನೂ ದಾರಿಯಲ್ಲಿತ್ತು.

ಅವರ ಪತಿ ಪುಟ್ಟಮಾದಪ್ಪನವರು ನಿವೃತ್ತ ಡ್ರಿಲ್ ಮಾಸ್ತರು. ಜಗಲಿಯಲ್ಲಿ ಪೇಪರು ಹಿಡಿದು ನೆಟ್ಟಗೆ ಕೂತಿದ್ದರು. “ಬನ್ನಿ ಬನ್ನಿ. ನಾನು ಹೇಳ್ದೆ ಇವಳಿಗೆ, ತುರಿದ ಕಾಯಿ ಪ್ಯಾಕೆಟ್‌ನಲ್ಲೇ ಸಿಗುತ್ತೆ, ಯಾಕೆ ಒದ್ದಾಡ್ತೀಯ ಅಂತ.”

“ಪ್ಯಾಕೆಟ್ಟಂತೆ!” ವಿಶಾಲಾಕ್ಷಮ್ಮ ಬಾಗಿಲಲ್ಲೇ ಹೇಳಿದರು. “ಹಾಗಿದ್ರೆ ಒಬ್ಬಟ್ಟೂ ಅಂಗಡೀದೇ ಆಗಲಿ, ಹೆಂಡ್ತೀನೂ ಅಂಗಡಿಯಿಂದಲೇ ತರ್ಸಿ.”

ಮಂದಾಕಿನಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ವಿಶಾಲಾಕ್ಷಮ್ಮ ನನ್ನನ್ನು ಅಡುಗೆಮನೆಯ ಕಟ್ಟೆಗೆ ಒತ್ತಿ ಕೀಲಿ ಹಾಕಿಯೇಬಿಟ್ಟರು. ಹೋಳೊಂದನ್ನು ನನ್ನ ಹಲ್ಲಿಗೆ ಸಿಕ್ಕಿಸಿ, ಬಲಗೈಯಲ್ಲಿ ಎಡಗೈಯನ್ನು ಎತ್ತಿ ತಂದು ಅದರ ಮೇಲಿಟ್ಟರು. ಬೆರಳುಗಳು ಹೋಳನ್ನು ಮುಟ್ಟಿದವು, ಹಿಡಿಯಲಿಲ್ಲ. ಹಿಡಿ ತಿರುಗಿತು, ಹೋಳು ಜಾರಿ ನೆಲಕ್ಕೆ ಬಿದ್ದು ಉರುಳಿ ಅಕ್ಕಿ ಡಬ್ಬದ ಹಿಂದೆ ಹೋಯಿತು. ಇನ್ನೊಮ್ಮೆ, ಮತ್ತೆ ಅದೇ.

ನನಗೆ ಹಲ್ಲಿದ್ದು ಏನು ಬಂತು, ಕೈಯಿಲ್ಲವಲ್ಲ ಎಂದು ಆ ದಿನ ಅನ್ನಿಸಿದಷ್ಟು ಇನ್ನೆಂದೂ ಅನ್ನಿಸಲಿಲ್ಲ.

“ತಪ್ಪು ನಂದಮ್ಮಾ. ನೋಡದೆ ಬರೆದುಬಿಟ್ಟೆ,” ಎಂದಳು ಮಂದಾಕಿನಿ. “ಕೊಡಿ, ನಾನೇ ತುರಿದುಕೊಟ್ಟು ಹೋಗ್ತೀನಿ.”

“ಬೇಡ ಮಗಳೇ. ಆಗ ಅದು ನಿನ್ನ ಒಬ್ಬಟ್ಟಾಗುತ್ತೆ.”

ಗಿರಿಜಮ್ಮ ಆಚೀಚೆ ನೋಡಿದರು. ಆಮೇಲೆ ಜಗಲಿಯ ಕಡೆಗೆ ಕತ್ತು ಚಾಚಿ, “ಮೇಷ್ಟ್ರೇ, ಆ ಪೇಪರ್ ಹಿಡಿದಿರೋ ಕೈ ಸ್ವಲ್ಪ ಕೊಡ್ತೀರಾ?” ಎಂದರು.

“ನಾನಾ? ಅಡುಗೆಮನೇಲಿ ನನಗೇನು ಕೆಲಸ?”

“ಹಿಡ್ಕೊಂಡು ನಿಂತ್ಕೊಳ್ಳೋದು. ಜೀವಮಾನವೆಲ್ಲ ಮಕ್ಕಳನ್ನ ಅಲ್ಲಾಡದೆ ನಿಲ್ಲಿಸಿದ್ದೀರಲ್ಲ, ಈಗ ನೀವು ನಿಲ್ಲಿ.”

ಅತಿಥಿಗಳ ಎದುರು ಇಲ್ಲವೆನ್ನಲಾಗದೆ ಮೇಷ್ಟ್ರು ಬಂದರು. ಮದುವೆಯಾದ ಮೇಲೆ ಅವರು ಆ ಹೊಸಿಲು ದಾಟಿದ್ದು ನೀರು ಕುಡಿಯಲಷ್ಟೇ ಎಂದು ಆಮೇಲೆ ಕೇಳಿ ತಿಳಿದೆ. ಹೋಳನ್ನು ಬಾಂಬು ಹಿಡಿದ ಹಾಗೆ ಹಿಡಿದರು. ವಿಶಾಲಾಕ್ಷಮ್ಮ ಹಿಡಿ ತಿರುಗಿಸಿದರು. ಬೆಳ್ಳನೆಯ ತುರಿ ತಟ್ಟೆಗೆ ಉದುರತೊಡಗಿತು.

“ರೀ, ಚಿಪ್ಪಿನ ಕರಿ ಬರ್ತಿದೆ, ಹೋಳು ತಿರುಗ್ಸಿ!”

“ಎಡಕ್ಕಾ, ಬಲಕ್ಕಾ?”

“ಬಲಕ್ಕೆ. ಇನ್ನೂ... ಅಲ್ಲೇ ನಿಲ್ಲಿ!”

ಗಿರಿಜಮ್ಮನಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ನಕ್ಕರು, ಹೋಳು ಅಲುಗಾಡಿತು, ಮತ್ತೆ ಬೈಸಿಕೊಂಡರು. ಬೆಲ್ಲದ ಪಾಕಕ್ಕೆ ತುರಿ ಬಿದ್ದಾಗ ವಿಶಾಲಾಕ್ಷಮ್ಮ ಒಂದು ಚಿಟಿಕೆ ಹೂರಣ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನೋಡಿದಿರಾ ಎಂಬಂತೆ ಗಂಡನ ಕಡೆ ಹುಬ್ಬು ಹಾರಿಸಿದರು.

ಹಬ್ಬಕ್ಕೆಂದು ಮಂದಾಕಿನಿ ನನ್ನನ್ನು ಅಲ್ಲೇ ಬಿಟ್ಟಳು. ಆಮೇಲೆ ಬಂದ ನನ್ನ ಅವಳಿ ಮೈಸೂರಿಗೆ ಹೋಯಿತು. ಗೌರಿ ಹಬ್ಬದ ದಿನ ವಿಶಾಲಾಕ್ಷಮ್ಮನ ಮಗಳು ಮೊದಲ ತುತ್ತಿಗೇ ಕೈ ನಿಲ್ಲಿಸಿ, “ಅಮ್ಮಾ, ಇದು ಯಾವ ಅಂಗಡೀದೂ ಅಲ್ಲ” ಎಂದಳು. “ಅಂಗಡೀದಲ್ಲ, ನಮ್ಮಿಬ್ಬರದು!” ಎಂದು ಉತ್ತರ ಕೊಟ್ಟವರು ಮೇಷ್ಟ್ರು.

ಈಗ ನನಗೆ ವಯಸ್ಸಾಗಿದೆ. ಹಲ್ಲು ಮೊಂಡಾಗಿದೆ, ರಬ್ಬರು ಬಿರುಕು ಬಿಟ್ಟಿದೆ. ಮೊನ್ನೆ ‘ಶುಕ್ರವಾರದ ಬುಟ್ಟಿ’ಯಲ್ಲಿ ಹೊಸದೊಂದು ಬಂದಿತ್ತು: ಕರೆಂಟಿನ ತುರಿಯಂತ್ರ. ಹೋಳನ್ನು ತಾನೇ ಹಿಡಿದುಕೊಳ್ಳುತ್ತದಂತೆ, ಗುಂಡಿ ಒತ್ತಿದರೆ ಸಾಕಂತೆ. ಈ ಸಲ ಮಂದಾಕಿನಿ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡೇ ವಿಡಿಯೋ ಮಾಡಿದ್ದಳು. ವಿಶಾಲಾಕ್ಷಮ್ಮನ ಮಗಳು ಅದನ್ನು ಅಮ್ಮನಿಗೆ ಕಳಿಸಿ, ‘ತರಿಸಲಾ?’ ಎಂದು ಕೇಳಿದ್ದಳು.

ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಮಂದಾಕಿನಿಯ ಅಟ್ಟ ಸೇರಿದ್ದ ಆ ಪ್ಲಾಸ್ಟಿಕ್ ಕಪ್ಪೆ ನೆನಪಾಯಿತು.

ವಿಶಾಲಾಕ್ಷಮ್ಮ ವಿಡಿಯೋವನ್ನು ಪೂರ್ತಿ ನೋಡಿದರು. ಚೆನ್ನಾಗಿದೆ ಎಂದು ತಲೆದೂಗಿದರು. ಫೋನನ್ನು ಮಗುಚಿಟ್ಟು ಜಗಲಿಯ ಕಡೆಗೆ ಕೂಗಿದರು:

“ರೀ, ಪೇಪರ್ ಇಟ್ಟು ಬನ್ನಿ. ಕಾಯಿ ಒಡೆದಿದೆ.”