ಕೆಂಪು ಪಟ್ಟೆ ಕೀಳುವಾಗ

ಬಿಸಿಗಾಳಿ ತಗಲಿದ ಕೂಡಲೇ ಸ್ಟಿಕ್ಕರ್ ಪಟ್ಟೆಯ ಅಂಚು ಸುರುಟಿಕೊಳ್ಳುತ್ತದೆ, ಈಗ ಪ್ಲಾಸ್ಟಿಕ್ ಚೂರು ತೂರಿಸಬೇಕು, ಮೇಲಕ್ಕೆ ಎಳೆದರೆ ತುಂಡಾಗುತ್ತದೆ, ಹಿಂದಕ್ಕೆ ಮಡಚಿ ದೋಣಿಗೆ ಒರಗಿಸಿಕೊಂಡೇ ಎಳೆಯಬೇಕು, ಅಕ್ಕ ತಲೆಗೂದಲು ಒಣಗಿಸುವ ಡ್ರೈಯರ್ ಇದು, ಸುಟ್ಟ ಅಂಟಿನ ಜೊತೆ ಅವಳ ಎಣ್ಣೆಯ ವಾಸನೆಯೂ ಬರುತ್ತಿದೆ, ಸಂಜೆಯೊಳಗೆ ಎಲ್ಲಾ ಹೋಗಿರ್ಬೇಕು ಕಣೇ ಮೂಗಿ, ಅಂತ ಹೇಳಿ ಭಾವ ಶೆಡ್ಡಿನ ಬಾಗಿಲು ಎಳೆದುಕೊಂಡು ಹೋದ, ಯಾಕೆ ಅಂತ ನಾನು ಕೇಳಲಿಲ್ಲ, ಕೇಳುವವಳಲ್ಲ ಅಂತಲೇ ನನಗೆ ಈ ಕೆಲಸ — ಮಾತಾಡಿದ್ರೆ ತೆರಿಗೆ ಹಾಕ್ತಾರೆ ಅಂದ್ಕೊಂಡಿದಾಳೆ ಇವಳು, ಊಟಕ್ಕೆ ಕೂತಾಗೆಲ್ಲ ಅವನದು ಅದೇ ತಮಾಷೆ, ಅಕ್ಕನೂ ನಗುತ್ತಾಳೆ, ಶಾಲೆ ಬಿಡಿಸಿ ಇವರ ಮನೆಗೆ ತಂದುಬಿಟ್ಟಾಗಿನಿಂದ ನಾನು ನೋಡಿ ಸುಮ್ಮನಿರುವವಳು, ಭಾವ ಈ ಪಟ್ಟೆ ಅಂಟಿಸಿದ್ದನ್ನೂ ನೋಡಿದ್ದೆ, ಒಂದು ಗುಳ್ಳೆ ಉಳಿಯದ ಹಾಗೆ ಒದ್ದೆ ಬಟ್ಟೆಯಿಂದ ಎಷ್ಟು ಮುದ್ದಿನಿಂದ ಒತ್ತುತ್ತಿದ್ದ, ಏನಯ್ಯಾ, ದೋಣಿಗೇ ಮದುವೆ ಮಾಡ್ತಿದೀಯಾ ಅಂತ ಪಕ್ಕದವರು ಕಾಡಿಸಿದ್ದರು.

ಹೋದ ವಾರ ಮಂಜಿನಲ್ಲಿ ಯಾವುದೋ ದೋಣಿ ಗುದ್ದಿ ಒಬ್ಬ ಮೀನುಗಾರ ಮುಳುಗಿದ, ದಡದಲ್ಲಿದ್ದವನಿಗೆ ಕಂಡದ್ದು ಓಡಿಹೋದ ಕೆಂಪು ಪಟ್ಟೆ ಮಾತ್ರವಂತೆ, ಸತ್ತವನ ಹೆಂಡತಿ ಅಂದಿನಿಂದ ಒಂದೊಂದೇ ದೋಣಿ ನೋಡುತ್ತಾ ದಡದುದ್ದಕ್ಕೂ ಅಲೆಯುತ್ತಾಳೆ, ನಿನ್ನೆ ನಲ್ಲಿಯ ಹತ್ತಿರ ನನ್ನ ಕೊಡ ಎತ್ತಿಕೊಟ್ಟಳು, ಕೆಂಪು ಪಟ್ಟೆ ದೋಣಿ ಎಲ್ಲಾದ್ರೂ ನೋಡಿದೀಯಾ ಮಗಾ, ಯಾರನ್ನೂ ಜೈಲಿಗೆ ಹಾಕ್ಸೋಕಲ್ಲ, ನೀರಲ್ಲಿದ್ದೋನನ್ನ ನೋಡಿಯೂ ಬಿಟ್ಟುಹೋದ್ರಾ, ಅಷ್ಟು ಗೊತ್ತಾಗ್ಬೇಕು ನಂಗೆ — ನಾನು ತಲೆ ತಗ್ಗಿಸಿ ಬಂದೆ, ಗೋಡೆಯಾಚೆ ಭಾವ ಅಕ್ಕನಿಗೆ ಹೇಳಿದ್ದು ಕಿವಿಯಲ್ಲಿತ್ತು, ಏನೂ ಕಾಣ್ಲಿಲ್ಲ ಕಣೇ, ದಿಮ್ಮಿ ತಗಲ್ತು ಅಂದ್ಕೊಂಡೆ, ನಿನ್ನ ಹೊಟ್ಟೇಲಿರೋ ಮಗು ಆಣೆ, ಅಕ್ಕ ಅತ್ತಳು, ಆಮೇಲೆ ನಂಬಿದಳು, ನಾನೂ ನಂಬಿದೆ, ನಂಬಿಕೊಂಡೇ ಬೆಳಗಿನಿಂದ ಕೀಳುತ್ತಿದ್ದೇನೆ, ಕಿತ್ತ ಕಡೆ ನೀಲಿ ಬಣ್ಣ ಮಾಸದೆ ಹೊಳೆಯುತ್ತಿದೆ, ಪಟ್ಟೆ ಹೋದರೂ ಅದರ ಜಾಗ ಎದ್ದು ಕಾಣುತ್ತದಲ್ಲ, ಭಾವನಿಗೆ ಅದು ಹೊಳೆದಿಲ್ಲ, ಹೇಳಲೇ, ಬೇಡ, ಇನ್ನು ಹಿಂಬದಿ ಮಾತ್ರ, ಇಂಜಿನ್ನಿನ ಪಕ್ಕ, ಇಲ್ಲಿ ಪಟ್ಟೆ ಹರಿದಿದೆ, ಹರಿದದ್ದಲ್ಲ, ಗೀರು, ನಾಲ್ಕು ಗೀರು, ಒಂದರ ಪಕ್ಕ ಒಂದು, ಮೇಲೆ ಆಳ, ಕೆಳಗಿಳಿಯುತ್ತಾ ತೆಳು, ಹಗ್ಗ ಉಜ್ಜಿದ್ದಿರಬೇಕು, ಹಗ್ಗ ಹೀಗೆ ಉಜ್ಜುವುದಿಲ್ಲ, ಬೆರಳಿಟ್ಟು ನೋಡಿದೆ, ಒಂದೊಂದು ಗೀರಿಗೂ ಒಂದೊಂದು ಬೆರಳು, ನನ್ನದಕ್ಕಿಂತ ಅಗಲದ ಕೈ, ಮೇಲೆ ದೋಣಿಯ ಅಂಚಿನಿಂದಲೇ ಶುರು, ಭಾವ ಕೂತು ಇಂಜಿನ್ ಹಿಡಿಯುವುದು ಇಲ್ಲೇ, ಮೊಳ ದೂರವೂ ಇಲ್ಲ, ನೀರಲ್ಲಿದ್ದವನ ಮುಖ ಕಂಡಿರುತ್ತದೆ, ಕರೆದದ್ದೂ ಕೇಳಿರುತ್ತದೆ, ಮುಗೀತೇನೇ ಮೂಗಿ ಅನ್ನುತ್ತಾ ಬಾಗಿಲು ಸರಿಸುತ್ತಿದ್ದಾನೆ, ಡ್ರೈಯರ್ ಆರಿಸಿದೆ, ಇಲ್ಲ ಭಾವ, ಇದನ್ನ ನಾನು ಕೀಳಲ್ಲ, ನನ್ನದೇ ದನಿ, ಅವನು ಏನೋ ಹೇಳುತ್ತಿದ್ದಾನೆ, ನಾಲ್ಕು ಗೀರು, ಮೇಲೆ ಆಳ, ಕೆಳಗೆ ತೆಳು, ನಾಲ್ಕು ಗೀರು, ಕೆಳಗೆ, ಇನ್ನೂ ಕೆಳಗೆ